ಪ್ರಶ್ನೆಯ ಕಾಠಿಣ್ಯ: ಪುಣೆಯ ಕೆಲವು ನಿದರ್ಶನಗಳು

ಕನ್ನಡ ಜ್ಞಾನವನ್ನು ಅಳೆಯಲು ಬಹುಆಯ್ಕೆಯ ಪ್ರಶ್ನೆಗಳನ್ನು ಸಿದ್ಧಪಡಿಸುವವರು ಅವುಗಳನ್ನು ಸುಲಭ, ಮಧ್ಯಮ, ಕಠಿಣವೆಂದು ಮೂರಾಗಿ ವಿಂಗಡಿಸುವುದು ವಾಡಿಕೆ. ಈ ವಿಂಗಡಣೆ ಬಹುಮಟ್ಟಿಗೆ ಪ್ರಶ್ನೆಕಾರನ ಊಹೆ. ಮೈಸೂರಿನಲ್ಲಿ ಕುಳಿತು ಮಾಡಿದ ಊಹೆ ಹೊರನಾಡಿನ ಪರೀಕ್ಷೆಯಲ್ಲಿ ಎಷ್ಟರಮಟ್ಟಿಗೆ ನಿಲ್ಲುತ್ತದೆಂಬುದನ್ನು ಪುಣೆಯನ್ನು ಮುಂದಿಟ್ಟುಕೊಂಡು ಇಲ್ಲಿ ಪರಿಶೀಲಿಸುತ್ತೇವೆ. ಇದು ಕೇವಲ ತಾಂತ್ರಿಕ ವಿಚಾರವಲ್ಲ. ಇಂಥ ಅಂಕಗಳನ್ನು ನೆಚ್ಚಿಯೇ ಹೊರನಾಡ ಎರಡನೆಯ ತಲೆಮಾರಿನಲ್ಲಿ ಕನ್ನಡ ಉಳಿದಿಲ್ಲವೆಂಬ ತೀರ್ಮಾನಕ್ಕೆ ಬರುವುದುಂಟು.

ಸರಿಯುತ್ತರ ಕೊಟ್ಟವರ ಸಂಖ್ಯೆಯನ್ನು ಉತ್ತರಿಸಿದವರ ಒಟ್ಟು ಸಂಖ್ಯೆಯಿಂದ ಭಾಗಿಸಿದರೆ ದೊರೆಯುವುದೇ ಕಠಿಣತಾ ಸೂಚ್ಯಂಕ. 40 ಮಂದಿಯಲ್ಲಿ 30 ಮಂದಿ ಸರಿಯಾಗಿ ಉತ್ತರಿಸಿದರೆ ಅದು 0.75. (ಸೂಚ್ಯಂಕ ಏರಿದಷ್ಟೂ ಪ್ರಶ್ನೆ ಸುಲಭವೆಂದರ್ಥ, ಹೆಸರು ತಿರುಗುಮುರುಗಾಗಿದ್ದರೂ ರೂಢಿಯಲ್ಲಿ ನಿಂತುಬಿಟ್ಟಿದೆ.) ನಾಲ್ಕು ಆಯ್ಕೆಗಳಿರುವಲ್ಲಿ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ 0.25 ಬರುವುದರಿಂದ, ಅದರ ಆಸುಪಾಸಿನ ಸೂಚ್ಯಂಕದಿಂದ ಉತ್ತರಿಸಿದವರ ತಿಳಿವಳಿಕೆಯನ್ನು ಅರಿಯಲಾಗದು. ಈ ಸಂಖ್ಯೆ ಪ್ರಶ್ನೆಗೆ ಎಷ್ಟು ಸೇರಿದ್ದೋ ಉತ್ತರಿಸಿದ ಗುಂಪಿಗೂ ಅಷ್ಟೇ ಸೇರಿದ್ದು.

'ಕಾದಂಬರಿ' ಯಾವ ಸಾಹಿತ್ಯ ಪ್ರಕಾರವೆಂದು ಕೇಳಿದೆವೆನ್ನೋಣ. ಮರಾಠಿಯಲ್ಲಿಯೂ ಅದೇ ಪದ ಅದೇ ಅರ್ಥದಲ್ಲಿರುವುದರಿಂದ ಪುಣೆಯ ಕಲಿಕೆಯವನಿಗೆ ಇದು ಪ್ರಶ್ನೆಯೇ ಅಲ್ಲ. ದೆಹಲಿಯ ಹಿಂದೀ ಭಾಷಿಕನಿಗೆ ಕಾದಂಬರಿ ಎಂದರೆ 'ಉಪನ್ಯಾಸ'. ಕನ್ನಡದಲ್ಲಿ ಉಪನ್ಯಾಸವೆಂದರೆ ಭಾಷಣ. ಅವನಿಗೆ ಎರಡು ಪದಗಳೂ ತೊಡಕಿನವು. ಶಾಲೆಯಲ್ಲಿ ಹಿಂದಿಯನ್ನೂ ಓದಿರುವ ಪುಣೆಯವನು 'ಉಪನ್ಯಾಸ'ದಲ್ಲಿ ಎಡವಬಹುದು, 'ಕಾದಂಬರಿ'ಯಲ್ಲಿ ಎಡವಲಾರ.

ಇದಕ್ಕಿಂತ ಸ್ವಾರಸ್ಯಕರವಾದುದು ಸವಾಯಿ ಗಂಧರ್ವರ ಊರನ್ನು ಕುರಿತ ಪ್ರಶ್ನೆ. ಅವರು ಈಗಿನ ಧಾರವಾಡ ಜಿಲ್ಲೆಯ ಕುಂದಗೋಳದವರು. ಹಿಂದೂಸ್ತಾನೀ ಸಂಗೀತದ ಪರಿಚಯವಿಲ್ಲದ ಮೈಸೂರಿನ ವಿದ್ಯಾರ್ಥಿಗೆ ಇದು ಕಠಿಣವೇ. ಪುಣೆಯಲ್ಲಾದರೋ ಶಿಷ್ಯ ಭೀಮಸೇನ ಜೋಶಿಯವರು 1953ರಲ್ಲಿ ಆರಂಭಿಸಿದ ಉತ್ಸವದಿಂದಾಗಿ ಆ ಹೆಸರು ಮನೆಮಾತು. ಅವರ ನಿಜನಾಮ ರಾಮಚಂದ್ರ ಕುಂದಗೋಳಕರ ಎಂಬುದನ್ನು ಬಲ್ಲವನಿಗೆ ಅಡ್ಡಹೆಸರೇ ಊರನ್ನು ಬಿಟ್ಟುಕೊಡುತ್ತದೆ. ಅಂದರೆ ಇಲ್ಲಿ ಸರಿಯುತ್ತರವು ಕನ್ನಡ ನಾಡಿನ ಭೂಗೋಳದ ಜ್ಞಾನಕ್ಕಿಂತ ಮರಾಠಿ ಹೆಸರಿಡುವ ಕ್ರಮದ ಜ್ಞಾನವನ್ನು ತೋರಿಸೀತು. ಆಯ್ಕೆಗಳನ್ನು ಬದಲಿಸಿದರೂ ಕಾಠಿಣ್ಯ ಬದಲಾಗುತ್ತದೆ: ಕುಂದಗೋಳದ ಜೊತೆಗೆ ಹುಬ್ಬಳ್ಳಿ, ಗದಗ, ಮಿರಜಗಳನ್ನಿಟ್ಟರೆ ಬಲ್ಲವನೂ ತಡೆದು ಯೋಚಿಸುತ್ತಾನೆ, ಕೋಲಾರ, ಮಂಗಳೂರು, ಮಡಿಕೇರಿಗಳನ್ನಿಟ್ಟರೆ ಅರೆಬಲ್ಲವನೂ ಗೆಲ್ಲುತ್ತಾನೆ. ಪ್ರಶ್ನೆಯ ವಾಕ್ಯದಲ್ಲಿ ಒಂದಕ್ಷರವೂ ಬದಲಾಗಿಲ್ಲ!

ಕಠಿಣ ಪ್ರಶ್ನೆ ಬೇರೆ, ಕೆಟ್ಟ ಪ್ರಶ್ನೆ ಬೇರೆ. ಭೀಮಸೇನ ಜೋಶಿಯವರ ಜನ್ಮಸ್ಥಳವನ್ನು ಕೇಳಿ ಗದಗ, ರೋಣ ಎರಡನ್ನೂ ಆಯ್ಕೆಗಳಾಗಿ ಕೊಟ್ಟರೆ, ಆಧಾರಗಳಲ್ಲಿ ಎರಡೂ ಬರುವುದರಿಂದ ಹೆಚ್ಚು ಓದಿದವನೇ ತಪ್ಪುವ ಸಂಭವವಿದೆ. ಇದನ್ನು ಪತ್ತೆಹಚ್ಚಲು ಒಟ್ಟು ಅಂಕಗಳಲ್ಲಿ ಮೇಲಿನ 27 ಶೇಕಡಾ ಮತ್ತು ಕೆಳಗಿನ 27 ಶೇಕಡಾ ಮಂದಿಯ ಉತ್ತರಗಳನ್ನು ಹೋಲಿಸುವ ಪದ್ಧತಿಯಿದೆ. ಮೇಲಿನವರಿಗಿಂತ ಕೆಳಗಿನವರೇ ಹೆಚ್ಚಾಗಿ ಸರಿಯುತ್ತರ ಕೊಟ್ಟಿದ್ದರೆ, ಅಂಥ ಪ್ರಶ್ನೆಯನ್ನು 'ಕಠಿಣ'ದ ಪಟ್ಟಿಗೆ ಸೇರಿಸದೆ ಕೈಬಿಡುವುದೇ ಲೇಸು.

ಪುಣೆಯ ಕನ್ನಡ ಬಲ್ಲವರೆಲ್ಲ ಒಂದೇ ಗುಂಪಲ್ಲ. ಮಹಾರಾಷ್ಟ್ರದ ಕನ್ನಡ ಶಾಸನಗಳನ್ನು ಓದುವ ಇತಿಹಾಸ ಸಂಶೋಧಕನಿಗೆ ಭೂಮಿಯ ಅಳತೆಯಾದ 'ಮತ್ತರು' ಗೊತ್ತು; 'ಒಗ್ಗರಣೆ' ಗೊತ್ತಿರಬೇಕೆಂದಿಲ್ಲ. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಮರಾಠಿ ಓದಿದ ಹುಡುಗಿಯ ಸ್ಥಿತಿ ಇದಕ್ಕೆ ವಿರುದ್ಧ. ಇಬ್ಬರನ್ನೂ ಕೂಡಿಸಿ ತೆಗೆದ ಸೂಚ್ಯಂಕ 0.50 ಬಂದರೆ, ಆ 'ಮಧ್ಯಮ' ಮಟ್ಟ ಇಬ್ಬರಲ್ಲಿ ಯಾರಿಗೂ ಸಲ್ಲದು. ಆದುದರಿಂದ ಪ್ರಶ್ನೆಕೋಶದಲ್ಲಿ ಪ್ರತಿ ಪ್ರಶ್ನೆಯ ಎದುರಿಗೆ ಪ್ರಶ್ನೆಕಾರನ ಊಹೆಯನ್ನೂ ಪರೀಕ್ಷೆಯಲ್ಲಿ ದೊರೆತ ಸೂಚ್ಯಂಕವನ್ನೂ ಬೇರೆ ಬೇರೆಯಾಗಿ ಬರೆದಿಡಬೇಕೆಂದೂ, ಸೂಚ್ಯಂಕದ ಪಕ್ಕದಲ್ಲಿ ಊರು, ವರ್ಷ, ಉತ್ತರಿಸಿದವರ ಶಾಲಾಭಾಷೆ ಮತ್ತು ಮನೆಮಾತುಗಳನ್ನು ನಮೂದಿಸಬೇಕೆಂದೂ ಸೂಚಿಸುತ್ತೇವೆ.