ಬನಿಯನ್ನಿನೊಳಗಿನ ಬೆಳ್ಳಿ ದಾರ: ಹೃದಯದ ಬಡಿತ ಅಳೆಯುವ ಬಟ್ಟೆಯನ್ನು ಎಷ್ಟು ನಂಬಬೇಕು?



ಊರು ಬಿಟ್ಟು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದಿಲ್ಲಿ ಅಂತ ನೆಲೆಸಿದ ನಮ್ಮ ಮನೆಗಳಲ್ಲಿ ಒಂದು ಚಿಂತೆ ಸಾಮಾನ್ಯ. ನಾವು ಕೆಲಸಕ್ಕೆ ಹೋದ ಮೇಲೆ ವಯಸ್ಸಾದ ತಂದೆ ತಾಯಿ ಫ್ಲಾಟಿನಲ್ಲಿ ಇಬ್ಬರೇ. ಇಲ್ಲವೇ ಅವರು ಊರಲ್ಲಿ, ನಾವು ಇಲ್ಲಿ. ಈ ಚಿಂತೆಗೆ ಉತ್ತರ ಅಂತ ಈಗ "ಸ್ಮಾರ್ಟ್ ಬಟ್ಟೆ"ಗಳು ಬಂದಿವೆ. ಹೃದಯದ ಬಡಿತ ಅಳೆಯುವ ಬನಿಯನ್, ಎದೆಗೆ ಕಟ್ಟುವ ಪಟ್ಟಿ, ಪಾದದ ಬಿಸಿ ನೋಡುವ ಸಾಕ್ಸ್. ಇವು ಹೇಗೆ ತಯಾರಾಗುತ್ತವೆ ಎಂದು ತಿಳಿದರೆ ಯಾವುದನ್ನು ನಂಬಬೇಕು, ಎಲ್ಲಿಯವರೆಗೆ ನಂಬಬೇಕು ಎಂಬುದು ತಾನಾಗಿ ಅರ್ಥವಾಗುತ್ತದೆ.

ಮೊದಲು ನಮ್ಮ ಬಳಗದಲ್ಲೇ ನಡೆದ ಒಂದು ಸಂಗತಿ.

*ಹಸಿರು ಗುರುತು ತೋರಿಸಿದ ಬನಿಯನ್*

ನಮ್ಮ ಸೋದರಮಾವ ಗದಗ ಕಡೆಯವರು, ವಯಸ್ಸು 71. ಈಗ ಪುಣೆಯಲ್ಲಿ ಮಗನ ಮನೆಯಲ್ಲಿದ್ದಾರೆ. ಕಳೆದ ವರ್ಷ ಮಗ ಅವರಿಗೆ ಬಡಿತ ಅಳೆಯುವ ಬನಿಯನ್ ತಂದುಕೊಟ್ಟಿದ್ದ. ಒಂದು ದಿನ ಬೆಳಿಗ್ಗೆ ನಾಷ್ಟಾ ಆದ ಮೇಲೆ ಮಾವನಿಗೆ ದವಡೆ ನೋವು, ಮೈಯೆಲ್ಲ ತಣ್ಣನೆ ಬೆವರು. ಮೊಬೈಲ್ ನೋಡಿದರೆ ಎಲ್ಲ ಹಸಿರು, ಎಲ್ಲ ಸರಿ.

"ಬನಿಯನ್ ಛಲೋ ಐತಿ ಅಂತ ತೋರಸ್ತೈತಿ. ಗ್ಯಾಸ್ ಆಗಿರಬೇಕು ಬಿಡು" ಅಂದರು ಮಾವ.

ಅತ್ತೆ ಕೇಳಲಿಲ್ಲ. "ಬನಿಯನ್ ಏನರ ತೋರಸ್ಲಿ, ನಿಮ್ಮ ಮಾರಿ ನೋಡೀನಿ ನಾ. ಏಳ್ರಿ ಮೊದ್ಲ" ಅಂತ ಪಕ್ಕದ ಮನೆಯವರನ್ನು ಕೂಗಿ ಆಂಬುಲೆನ್ಸ್ ಕರೆಸಿದರು. ಆಸ್ಪತ್ರೆಯಲ್ಲಿ ಇಸಿಜಿ, ರಕ್ತ ಪರೀಕ್ಷೆ ಮಾಡಿದಾಗ ಹಾರ್ಟ್ ಅಟ್ಯಾಕ್ ಎಂದು ಗೊತ್ತಾಯಿತು. ಅದೇ ದಿನ ಸ್ಟೆಂಟ್ ಹಾಕಿದರು. ಮಾವ ಈಗ ಚೆನ್ನಾಗಿದ್ದಾರೆ.

ಹಾಗಾದರೆ ಬನಿಯನ್ ಸುಳ್ಳು ಹೇಳಿತೇ? ಇಲ್ಲ. ಅದು ಅಳೆಯುವುದು ಬಡಿತದ ವೇಗ ಮತ್ತು ಲಯ ಮಾತ್ರ. ಆ ಹೊತ್ತಿನಲ್ಲಿ ಮಾವನ ವೇಗ, ಲಯ ಎರಡೂ ಸರಿಯಾಗಿಯೇ ಇದ್ದವು. ರಕ್ತನಾಳ ಕಟ್ಟಿಕೊಂಡಿದೆಯೇ ಎಂದು ನೋಡುವ ಶಕ್ತಿ ಅದಕ್ಕೆ ಇರಲೇ ಇಲ್ಲ. ಇದು ಏಕೆ ಎಂದು ತಿಳಿಯಲು ಬಟ್ಟೆಯ ದಾರದ ಕಡೆ ನೋಡೋಣ.

*ಹಳೆಯ ಇಸಿಜಿ ಯಂತ್ರದಲ್ಲೂ ಬೆಳ್ಳಿ ದಾರ*

ಬೆಳ್ಳಿ ಲೇಪಿಸಿದ ಎಳೆಗೂ ಹೃದಯಕ್ಕೂ ನೂರು ವರ್ಷಕ್ಕಿಂತ ಹಳೆಯ ನಂಟು. ನೆದರ್ಲೆಂಡ್ಸ್ ದೇಶದ ಲೈಡನ್ ಊರಿನ ವಿಲೆಮ್ ಐಂಥೋವೆನ್ ಎಂಬ ವಿಜ್ಞಾನಿ 1900ರ ದಶಕದ ಆರಂಭದಲ್ಲಿ ಇಸಿಜಿ ಯಂತ್ರ ಕಟ್ಟಿದರು. ಅದರ ಜೀವಾಳ ಕೂದಲಿಗಿಂತ ಎಷ್ಟೋ ತೆಳುವಾದ ಒಂದು ಸ್ಫಟಿಕದ ಎಳೆ, ಅದರ ಮೇಲೆ ಬೆಳ್ಳಿಯ ಲೇಪ. ಹೃದಯದ ವಿದ್ಯುತ್ ಆ ಎಳೆಯಲ್ಲಿ ಹರಿದಾಗ ಅಯಸ್ಕಾಂತದ ನಡುವೆ ಅದು ಅಲುಗುತ್ತಿತ್ತು. ಆ ಅಲುಗಾಟದ ನೆರಳನ್ನು ಫೋಟೋ ತೆಗೆದರೆ ಅದೇ ಇಸಿಜಿ. ಯಂತ್ರದ ತೂಕ ಸುಮಾರು 270 ಕಿಲೋ, ನಡೆಸಲು ಐದು ಜನ ಬೇಕು. ರೋಗಿ ಎರಡು ಕೈ, ಒಂದು ಕಾಲನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇಟ್ಟು ಕೂರಬೇಕಿತ್ತು. ಈ ಕೆಲಸಕ್ಕೆ ಐಂಥೋವೆನ್ ಅವರಿಗೆ 1924ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಎರಡು ವಿಷಯ ನೆನಪಿಡಿ. ಒಂದು, ಬೆಳ್ಳಿ ಲೇಪ. ಎರಡು, ಉಪ್ಪುನೀರು. ಇಂದಿನ ಬನಿಯನ್ನಿಗೂ ಬೇಕಾಗಿರುವುದು ಇವೆರಡೇ.

*ಈ ದಾರ ಹೇಗೆ ತಯಾರಾಗುತ್ತದೆ?*

ಮುಖ್ಯವಾಗಿ ಮೂರು ವಿಧ.

1️⃣ *ನೈಲಾನ್ ಮೇಲೆ ಬೆಳ್ಳಿ.* ಹೆಚ್ಚಾಗಿ ಬಳಕೆಯಲ್ಲಿರುವುದು ಇದು. ನೈಲಾನ್ ದಾರವನ್ನು ಜಿಡ್ಡು ಹೋಗುವಂತೆ ತೊಳೆಯುತ್ತಾರೆ. ಬೆಳ್ಳಿ ಹಿಡಿದು ನಿಲ್ಲಲಿ ಎಂದು ದಾರದ ಮೈಯನ್ನು ರಾಸಾಯನಿಕದಿಂದ ಹದ ಮಾಡುತ್ತಾರೆ. ನಂತರ ಬೆಳ್ಳಿಯ ಲವಣ ಕರಗಿಸಿದ ನೀರಿನಲ್ಲಿ ಮುಳುಗಿಸುತ್ತಾರೆ. ಗ್ಲೂಕೋಸ್‌ನಂಥ ವಸ್ತು ಸೇರಿಸಿದಾಗ ನೀರಿನಲ್ಲಿದ್ದ ಬೆಳ್ಳಿ ದಾರದ ಮೈಮೇಲೆ ಬಂದು ಕೂರುತ್ತದೆ. ಇದಕ್ಕೆ ಕರೆಂಟ್ ಬೇಕಿಲ್ಲ. ಗಾಜಿನ ಹಿಂಬದಿಗೆ ಬೆಳ್ಳಿ ಕೂರಿಸಿ ಕನ್ನಡಿ ಮಾಡುವುದೂ ಇದೇ ಉಪಾಯದಿಂದ. ಈ ಲೇಪ ಸುಮಾರು ಒಂದು ಮೈಕ್ರಾನ್ ಅಥವಾ ಅದಕ್ಕಿಂತ ತೆಳು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಎಂದರೆ ಲೆಕ್ಕ ಹಾಕಿಕೊಳ್ಳಿ.

2️⃣ *ಉಕ್ಕಿನ ನಾರು.* ಸ್ಟೇನ್‌ಲೆಸ್ ಸ್ಟೀಲಿನ ನೂರಾರು ತಂತಿಗಳನ್ನು ತಾಮ್ರದಂಥ ಮೆತ್ತನೆ ಲೋಹದಲ್ಲಿ ಕಟ್ಟಿ, ಸಣ್ಣ ಸಣ್ಣ ತೂತುಗಳ ಮೂಲಕ ಮತ್ತೆ ಮತ್ತೆ ಎಳೆಯುತ್ತಾರೆ. ಎಲ್ಲವೂ ಒಟ್ಟಿಗೆ ತೆಳುವಾದ ಮೇಲೆ ತಾಮ್ರವನ್ನು ಆಮ್ಲದಲ್ಲಿ ಕರಗಿಸುತ್ತಾರೆ. ಉಳಿಯುವುದು ಸುಮಾರು 10 ಮೈಕ್ರಾನ್ ದಪ್ಪದ ಉಕ್ಕಿನ ನಾರು. ಇದನ್ನು ಹತ್ತಿ ಅಥವಾ ಪಾಲಿಯೆಸ್ಟರ್ ಜೊತೆ ಸೇರಿಸಿ ನೂಲುತ್ತಾರೆ. ಒಗೆತಕ್ಕೆ ಗಟ್ಟಿ, ಆದರೆ ವಿದ್ಯುತ್ ಹರಿಸುವುದರಲ್ಲಿ ಬೆಳ್ಳಿಗೆ ಸಮ ಅಲ್ಲ.

3️⃣ *ಒಳಗೇ ಸಾಧನ ಇರುವ ದಾರ.* ಇದು ಪ್ರಯೋಗಾಲಯದ ಹೊಸ ದಾರಿ. ದಪ್ಪ ಪ್ಲಾಸ್ಟಿಕ್ ಸರಳಿನೊಳಗೆ ಸಣ್ಣ ಸಣ್ಣ ಎಲ್‌ಇಡಿ, ಬೆಳಕು ಗ್ರಹಿಸುವ ಚಿಪ್, ಲೋಹದ ತಂತಿ ಇಟ್ಟು, ಕುಲುಮೆಯಲ್ಲಿ ಬಿಸಿ ಮಾಡಿ ಕೆಳಗೆ ಎಳೆಯುತ್ತಾರೆ. ಬೆಲ್ಲದ ಪಾಕ ಎಳೆ ಬರುವ ಹಾಗೆ ಸರಳು ಉದ್ದವಾದ ದಾರವಾಗುತ್ತದೆ, ಸಾಧನಗಳು ಅದರೊಳಗೇ ಸಾಲಾಗಿ ಉಳಿಯುತ್ತವೆ. ಅಮೆರಿಕದ ಎಂಐಟಿ ಸಂಸ್ಥೆಯ ಯೋಯೆಲ್ ಫಿಂಕ್ ತಂಡ 2018ರಲ್ಲಿ ಇಂಥ ದಾರದಿಂದ ನಾಡಿ ಬಡಿತ ಅಳೆದು ತೋರಿಸಿತು. ಆ ಬಟ್ಟೆ ವಾಷಿಂಗ್ ಮಷೀನಿನಲ್ಲಿ 10 ಸಲ ಒಗೆದರೂ ಕೆಲಸ ಮಾಡಿತು.

*ಅಜ್ಜಿಯ ಜರಿ ಸೀರೆಯ ನೆನಪು*

ಲೋಹದ ದಾರ ನಮಗೆ ಹೊಸದಲ್ಲ. ಮೈಸೂರು ರೇಷ್ಮೆಯ ಅಂಚಿನಲ್ಲಿರುವ ಅಸಲಿ ಜರಿ ಏನು? ಬೆಳ್ಳಿಯ ತಂತಿ ಎಳೆದು, ತಟ್ಟಿ ಚಪ್ಪಟೆ ಮಾಡಿ, ರೇಷ್ಮೆ ಎಳೆಗೆ ಸುತ್ತಿ, ಚಿನ್ನದ ಲೇಪ ಕೊಟ್ಟ ದಾರ. ಸೂರತ್ ಈ ಕೆಲಸಕ್ಕೆ ಹೆಸರುವಾಸಿ. 1990ರ ದಶಕದ ಕೊನೆಯಲ್ಲಿ ಎಂಐಟಿಯ ಮೀಡಿಯಾ ಲ್ಯಾಬ್‌ನವರು ಬಟ್ಟೆಯಲ್ಲೇ ಎಲೆಕ್ಟ್ರಾನಿಕ್ಸ್ ಕೂರಿಸಲು ಹೊರಟಾಗ ಬಳಸಿದ್ದೂ ಇದೇ ಜಾತಿಯ ಬಟ್ಟೆ: ತೆಳು ತಾಮ್ರದ ಹಾಳೆ ಸುತ್ತಿದ ರೇಷ್ಮೆ ದಾರದಿಂದ ನೇಯ್ದ ಆರ್ಗಾಂಜಾ.

ಜರಿ ಸೀರೆಯನ್ನು ನಮ್ಮ ಅಜ್ಜಿಯರು ಹೇಗೆ ಜೋಪಾನ ಮಾಡುತ್ತಿದ್ದರು ನೆನಪಿಸಿಕೊಳ್ಳಿ. ಬೆವರಿನ ಸೀರೆಯನ್ನು ಹಾಗೇ ಮಡಿಸಿಡುತ್ತಿರಲಿಲ್ಲ. ಹತ್ತಿ ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ಮಡಿಕೆ ಬದಲಾಯಿಸುತ್ತಿದ್ದರು. ಕಾರಣ, ಬೆಳ್ಳಿ ಕಪ್ಪಾಗುತ್ತದೆ, ಮಡಿಕೆಯಲ್ಲಿ ಜರಿ ಮುರಿಯುತ್ತದೆ. ಸ್ಮಾರ್ಟ್ ಬನಿಯನ್ನಿನ ದಾರಕ್ಕೂ ಇದೇ ಕಷ್ಟ. ಆದರೆ ಸೀರೆ ವರ್ಷಕ್ಕೆ ನಾಲ್ಕು ಸಲ ಉಡುವುದು, ಬನಿಯನ್ ದಿನಾ ಹಾಕುವುದು.

*ಬಟ್ಟೆ ಎಲ್ಲಿ ತಪ್ಪುತ್ತದೆ?*

ಹೃದಯದ ವಿದ್ಯುತ್ ಚರ್ಮದ ಮೇಲೆ ಬರುವಷ್ಟರಲ್ಲಿ ಸುಮಾರು ಒಂದು ಮಿಲಿವೋಲ್ಟ್ ಮಾತ್ರ. ಟಿವಿ ರಿಮೋಟಿನ ಒಂದು ಸೆಲ್‌ನಲ್ಲಿ ಇದರ 1500 ಪಟ್ಟು ಇರುತ್ತದೆ. ಇಷ್ಟು ಸಣ್ಣ ಸಂಕೇತವನ್ನು ಹಿಡಿಯಲು ಆಸ್ಪತ್ರೆಯಲ್ಲಿ ಜೆಲ್ ಹಚ್ಚುತ್ತಾರೆ. ಬನಿಯನ್ನಿನಲ್ಲಿ ಜೆಲ್ ಇಲ್ಲ, ಬೆವರೇ ಉಪ್ಪುನೀರು. ಆದ್ದರಿಂದ ಎಸಿ ಕೋಣೆಯಲ್ಲಿ ಚರ್ಮ ಒಣಗಿದ್ದರೆ ಸಂಕೇತ ಕೆಡುತ್ತದೆ. ಬನಿಯನ್ ಸಡಿಲವಾಗಿದ್ದರೆ, ಕೈ ಎತ್ತಿದರೆ, ದಾರ ಚರ್ಮಕ್ಕೆ ಉಜ್ಜಿದರೆ ಇಲ್ಲದ ಏರುಪೇರು ಕಾಣುತ್ತದೆ.

ಆ ತೆಳು ಬೆಳ್ಳಿ ಲೇಪ ಬ್ಲೀಚ್, ಬ್ರಷ್, ಹಿಂಡುವಿಕೆಯಿಂದ ಬಿರುಕು ಬಿಡುತ್ತದೆ. ಫ್ಯಾಬ್ರಿಕ್ ಕಂಡೀಷನರ್ ಹಾಕಿದರೆ ದಾರದ ಮೇಲೆ ಪದರ ಕೂತು ವಿದ್ಯುತ್ ಹರಿಯುವುದಕ್ಕೆ ಅಡ್ಡಿ. ಮುಂಬೈ, ಚೆನ್ನೈಯ ತೇವದ ಹವೆಯಲ್ಲಿ ಬೆಳ್ಳಿ ಬೇಗ ಕಪ್ಪಾಗುತ್ತದೆ. ಹೊಸದರಲ್ಲಿ ಸರಿಯಾಗಿ ತೋರಿಸಿದ್ದು ಆರು ತಿಂಗಳ ನಂತರವೂ ಹಾಗೇ ತೋರಿಸುತ್ತದೆ ಎಂದು ತಿಳಿಯಬಾರದು.

*ಇದರಿಂದ ನಿಜವಾದ ಉಪಯೋಗ ಏನು?*

✅ ಲಯ ತಪ್ಪುವ ಬಡಿತ ಹಿಡಿಯುವುದು. ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆ ಬಂದು ಹೋಗುತ್ತಿರುತ್ತದೆ, ಡಾಕ್ಟರ ಮುಂದೆ ಕೂತಾಗ ಇರುವುದಿಲ್ಲ. ಇದರಿಂದ ಪಾರ್ಶ್ವವಾಯುವಿನ ಅಪಾಯ ಸುಮಾರು ಐದು ಪಟ್ಟು ಹೆಚ್ಚು. ದಿನಗಟ್ಟಲೆ ಮೈಮೇಲೆ ಇರುವ ಬಟ್ಟೆ ಅದನ್ನು ಹಿಡಿಯಬಲ್ಲದು. ಆ ದಾಖಲೆಯನ್ನು ಡಾಕ್ಟರಿಗೆ ತೋರಿಸಬೇಕು, ನಾವೇ ಅರ್ಥ ಮಾಡಬಾರದು.

✅ ಸಕ್ಕರೆ ಕಾಯಿಲೆಯವರ ಪಾದ. ನರ ಸತ್ತ ಪಾದಕ್ಕೆ ಗಾಯ ಆಗುವ ಮೊದಲು ಆ ಜಾಗ ಬಿಸಿಯಾಗುತ್ತದೆ. ಎರಡು ಪಾದಗಳ ಒಂದೇ ಜಾಗದ ನಡುವೆ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ವ್ಯತ್ಯಾಸ ಎರಡು ದಿನ ಸತತ ಕಂಡರೆ ನಡಿಗೆ ಕಡಿಮೆ ಮಾಡಿ ಡಾಕ್ಟರಿಗೆ ತೋರಿಸಬೇಕು. ಬಿಸಿ ಅಳೆಯುವ ಸಾಕ್ಸ್ ಮಾಡುವುದು ಇದನ್ನೇ. ಸಾಕ್ಸ್ ಇಲ್ಲದಿದ್ದರೆ? ದಿನಾ ರಾತ್ರಿ ಮನೆಯವರು ಪಾದ ನೋಡಲಿ, ಅಂಗಾಲಿಗೆ ಕನ್ನಡಿ ಹಿಡಿಯಲಿ. ಖರ್ಚಿಲ್ಲದ ಕೆಲಸ. ಸಾಕ್ಸ್ ಇದ್ದರೂ ಇದನ್ನು ಬಿಡಬಾರದು.

❌ ಹಾರ್ಟ್ ಅಟ್ಯಾಕ್ ಇಲ್ಲ ಎಂದು ಹೇಳುವುದು ಇದರ ಕೆಲಸವಲ್ಲ. ಆಸ್ಪತ್ರೆಯ 12 ಲೀಡ್ ಇಸಿಜಿ ಹೃದಯವನ್ನು ಹನ್ನೆರಡು ಕಡೆಯಿಂದ ನೋಡುತ್ತದೆ. ಇಂಥ ಬನಿಯನ್ ಸಾಮಾನ್ಯವಾಗಿ ಒಂದೆರಡು ಕಡೆಯಿಂದ. ಮೊದಲ 12 ಲೀಡ್ ಇಸಿಜಿ ಸರಿ ಬಂದರೂ ಡಾಕ್ಟರು ರಕ್ತ ಪರೀಕ್ಷೆ ಮಾಡಿ, ಮತ್ತೆ ಇಸಿಜಿ ತೆಗೆಯುವುದು ಅದಕ್ಕೇ.

❌ ಬೆಳ್ಳಿ ದಾರದ ಸಾಕ್ಸ್ ಬ್ಯಾಕ್ಟೀರಿಯಾ ತಡೆಯುತ್ತದೆ ಎಂದು ಗಾಯಕ್ಕೆ ಔಷಧಿಯಂತೆ ಬಳಸಬೇಡಿ. ವಾಸನೆ ಕಡಿಮೆ ಆಗಬಹುದು, ಗಾಯ ವಾಸಿಯಾಗುವುದಿಲ್ಲ.

*ಕೊಳ್ಳುವ ಮೊದಲು ಕೇಳಿ*

👉 ಇದು ವೈದ್ಯಕೀಯ ಸಾಧನವೋ, ಬರೀ ಫಿಟ್‌ನೆಸ್ ವಸ್ತುವೋ? ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ. ನಮ್ಮ ದೇಶದಲ್ಲಿ ವೈದ್ಯಕೀಯ ಸಾಧನಗಳಿಗೆ 2017ರ ನಿಯಮಗಳಿವೆ, ಸಿಡಿಎಸ್‌ಸಿಒ ಸಂಸ್ಥೆ ನೋಡಿಕೊಳ್ಳುತ್ತದೆ.
👉 ಎಷ್ಟು ಸಲ ಒಗೆಯಬಹುದು? ಸಂಖ್ಯೆ ಹೇಳದಿದ್ದರೆ ಯೋಚಿಸಿ.
👉 ಎದೆಯ ಅಳತೆಗೆ ಸರಿಯಾಗಿ ಕೂರುತ್ತದೆಯೇ?
👉 ಪೇಸ್‌ಮೇಕರ್ ಇದ್ದರೆ ಮೊದಲು ಹೃದಯದ ಡಾಕ್ಟರನ್ನು ಕೇಳಿ. ಸ್ನಾಯುವಿಗೆ ಕರೆಂಟ್ ಕೊಡುವ ಬಟ್ಟೆಯನ್ನಂತೂ ಅವರು ಮುಟ್ಟಬಾರದು.

*ಬಳಸುವಾಗ*

👉 ಎಲೆಕ್ಟ್ರೋಡ್ ಇರುವ ಜಾಗವನ್ನು ಸ್ವಲ್ಪ ಒದ್ದೆ ಮಾಡಿ ಹಾಕಿಕೊಳ್ಳಿ.
👉 ಸಾಧನದ ಡಬ್ಬಿ ತೆಗೆದು, ತಣ್ಣೀರಿನಲ್ಲಿ, ಕಡಿಮೆ ಸೋಪಿನಲ್ಲಿ ಕೈಯಿಂದ ಒಗೆಯಿರಿ. ಹಿಂಡಬೇಡಿ, ಇಸ್ತ್ರಿ ಬೇಡ, ನೆರಳಿನಲ್ಲಿ ಒಣಗಿಸಿ. ಮನೆಗೆಲಸದ ಬಾಯಿಗೂ ಹೇಳಿಡಿ.
👉 ಚರ್ಮ ಕೆಂಪಾದರೆ, ತುರಿಕೆ ಬಂದರೆ ನಿಲ್ಲಿಸಿ.

*ಮನೆಯ ಗೋಡೆಗೆ ಅಂಟಿಸಿಡಿ*

ಎದೆ ಹಿಂಡಿದಂತೆ, ಭಾರವಾದಂತೆ ಅನಿಸುವುದು, ಎಡಗೈ, ದವಡೆ, ಬೆನ್ನಿಗೆ ಹರಿಯುವ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು, ವಾಕರಿಕೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವು ಇಲ್ಲದೆಯೂ ಅಟ್ಯಾಕ್ ಆಗಬಹುದು. ಇವು ಕಂಡರೆ ಮೊಬೈಲ್ ನೋಡುತ್ತಾ ಕೂರಬೇಡಿ. ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣ, ಕರ್ನಾಟಕದಲ್ಲಿ 108, ದಿಲ್ಲಿಯಲ್ಲಿ 102, ದೇಶದಲ್ಲಿ ಎಲ್ಲಿದ್ದರೂ 112. ವಿಳಾಸವನ್ನು ಅಲ್ಲಿಯ ಭಾಷೆಯಲ್ಲಿ ಒಂದು ಚೀಟಿಯಲ್ಲಿ ಬರೆದು ಫೋನಿನ ಪಕ್ಕ ಇಡಿ. ಊರಿಂದ ಬಂದ ಅಪ್ಪ ಅಮ್ಮನಿಗೆ ಮರಾಠಿ, ತಮಿಳು, ಹಿಂದಿ ಬರದಿದ್ದರೆ ಆ ಚೀಟಿಯೇ ಆಧಾರ.

ನಮ್ಮ ಮಾವ ಈಗಲೂ ಆ ಬನಿಯನ್ ಹಾಕುತ್ತಾರೆ. ಲಯದ ದಾಖಲೆ ಡಾಕ್ಟರಿಗೆ ಉಪಯೋಗವಾಗುತ್ತದೆ. ಆದರೆ ಅತ್ತೆ ದಿನಾ ಬೆಳಿಗ್ಗೆ ಚಹಾ ಕೊಡುವಾಗ ಒಮ್ಮೆ ಅವರ ಮಾರಿ ನೋಡಿ, "ಹ್ಯಾಂಗದೀರಿ?" ಅಂತ ಕೇಳುವುದನ್ನು ಬಿಟ್ಟಿಲ್ಲ. ದೂರ ಇರುವ ನಾವೂ ದಿನಕ್ಕೊಮ್ಮೆ ಫೋನ್ ಮಾಡಿ ಆ ಮಾತು ಕೇಳೋಣ.

ಉಪಯುಕ್ತ ಅನಿಸಿದರೆ ನಿಮ್ಮ ಬಳಗದ ಗುಂಪಿಗೂ ಕಳುಹಿಸಿ. ಎಲ್ಲರಿಗೂ ಆರೋಗ್ಯ ಭಾಗ್ಯ ಇರಲಿ 🙏