ಕಣ್ಣು, ಕೈ ಮತ್ತು ಸ್ಮೃತಿ



ಹಾಸನ ಜಿಲ್ಲೆಯ ಅರೇಹಳ್ಳಿಯ ಸುತ್ತಣ ಕಾಫಿ ತೋಟಗಳಲ್ಲಿ, ಕೊಯ್ಲಿನ ಕಾಲಕ್ಕೆ ಒಂದು ಗಳಿಗೆ ನಿಂತು ನೋಡಿರಿ. ಹಣ್ಣು ಬಿಡಿಸುವವರು ಒಂದೊಂದನ್ನೂ ಹಿಚುಕಿ ಪರೀಕ್ಷಿಸುವುದಿಲ್ಲ. ಕೆಂಪು ಬಣ್ಣ ಕಂಡೊಡನೆಯೇ, ಇದು ಮೆತ್ತಗಿದೆ, ಅದುಮಿದರೆ ಲೋಳೆಯೊಡನೆ ಬೀಜ ಜಾರೀತು ಎಂಬುದು ಅವರಿಗೆ ಗೊತ್ತು. ಬಣ್ಣವು ಕಣ್ಣಿಗೆ ಸಂಬಂಧಿಸಿದ್ದು. ಮೃದುತ್ವವು ಚರ್ಮಕ್ಕೆ ಸಂಬಂಧಿಸಿದ್ದು. ಇವೆರಡನ್ನೂ ಒಂದೇ ಹಣ್ಣಿನಲ್ಲಿ ಗಂಟುಹಾಕಿದವರು ಯಾರು?

ಅದೇ ಬೇಲೂರು ತಾಲ್ಲೂಕಿನ ಹಳೇಬೀಡಿಗೆ ಬನ್ನಿರಿ. ಹನ್ನೆರಡನೆಯ ಶತಮಾನದ ಹೊಯ್ಸಳೇಶ್ವರ ದೇವಾಲಯದ ಕಂಬಗಳು ಬಳಪದ ಕಲ್ಲಿನವು. ಬಾಲ್ಯದಲ್ಲಿ ಬಳಪ ಹಿಡಿದು ಅಕ್ಷರ ತಿದ್ದಿದವರಿಗೆ, ಆ ಕಂಬಗಳನ್ನು ದೂರದಿಂದ ನೋಡಿದರೂ ಅವುಗಳ ನುಣುಪು ಬೆರಳ ತುದಿಗೆ ಬಂದಂತಾಗುತ್ತದೆ. ಹಿಂದೆ ಮುಟ್ಟಿದುದನ್ನು ಈಗ ನೋಡುತ್ತಿರುವುದರೊಡನೆ ಸ್ಮೃತಿಯು ಹೊಂದಿಸಿಕೊಡುತ್ತದೆ.

ಈ ಹೊಂದಾಣಿಕೆಯು ಹುಟ್ಟಿನಿಂದಲೇ ಬಂದುದೋ, ಕಲಿತುದೋ? ಹುಟ್ಟುಕುರುಡನೊಬ್ಬನು ಚೆಂಡನ್ನೂ ಚೌಕದ ದಿಮ್ಮಿಯನ್ನೂ ಕೈಯಿಂದ ಬೇರ್ಪಡಿಸಿ ಹೇಳಬಲ್ಲನು. ಅವನಿಗೆ ದೃಷ್ಟಿ ಬಂದರೆ, ಮುಟ್ಟದೆ ಬರಿಯ ನೋಟದಿಂದ ಯಾವುದು ಯಾವುದೆಂದು ಹೇಳಬಲ್ಲನೇ? ಡಬ್ಲಿನ್ ನಗರದ ವಿಲಿಯಂ ಮಾಲಿನ್ಯೂ 1688ರಲ್ಲಿ ಈ ಪ್ರಶ್ನೆಯನ್ನೆತ್ತಿದನು. 1694ರಲ್ಲಿ ತತ್ತ್ವಜ್ಞಾನಿ ಜಾನ್ ಲಾಕನು ತನ್ನ ಗ್ರಂಥದ ಎರಡನೆಯ ಮುದ್ರಣದಲ್ಲಿ ಅದನ್ನು ಸೇರಿಸಿ, ಹೇಳಲಾರನೆಂದೇ ಉತ್ತರವಿತ್ತನು.

ನಿಶ್ಚಿತವಾದ ಪರೀಕ್ಷೆಗೆ ನಮ್ಮ ದೇಶವೇ ನೆಲೆಯಾಯಿತು. ವಿಜ್ಞಾನಿ ಪವನ್ ಸಿನ್ಹಾ ಅವರು ದೆಹಲಿಯಲ್ಲಿ ನಡೆಸಿದ 'ಪ್ರಾಜೆಕ್ಟ್ ಪ್ರಕಾಶ್' ಎಂಬ ಕಾರ್ಯದಲ್ಲಿ, ಎಳವೆಯಿಂದಲೂ ಆಕಾರಗಳನ್ನು ಕಾಣದಿದ್ದ, 8ರಿಂದ 17 ವರ್ಷದ ಐವರು ಮಕ್ಕಳಿಗೆ ಶಸ್ತ್ರಚಿಕಿತ್ಸೆಯಾಯಿತು. 2011ರಲ್ಲಿ ಪ್ರಕಟವಾದ ವರದಿಯಂತೆ, ಕಂಡ ಆಟಿಕೆಯನ್ನು ಅವರು ನೋಟದಿಂದಲೂ, ಮುಟ್ಟಿದುದನ್ನು ಸ್ಪರ್ಶದಿಂದಲೂ ಚೆನ್ನಾಗಿ ಗುರುತಿಸಿದರು. ಆದರೆ ಮುಟ್ಟಿದುದನ್ನು ಕಣ್ಣಿನಿಂದ ಆರಿಸಬೇಕಾದಾಗ, ಅವರ ಉತ್ತರವು ಬರಿಯ ಊಹೆಗಿಂತ ಹೆಚ್ಚೇನೂ ಮೇಲಾಗಿರಲಿಲ್ಲ. ಆದರೂ ಮರಳಿ ಪರೀಕ್ಷಿಸಿದವರಲ್ಲಿ, ವಿಶೇಷ ಶಿಕ್ಷಣವಿಲ್ಲದೆಯೇ, ಕೆಲವೇ ದಿನಗಳಲ್ಲಿ ಕಣ್ಣಿಗೂ ಕೈಗೂ ನಂಟು ಬೆಳೆದಿತ್ತು.

ಇದರಿಂದ ನಾವು ಗ್ರಹಿಸತಕ್ಕದ್ದೇನು? ಹುಟ್ಟಿನಿಂದ ಕಣ್ಣಿನ ಪೊರೆಯುಳ್ಳ ಮಗುವಿಗೆ ಚಿಕಿತ್ಸೆ ಬೇಗ ದೊರೆತಷ್ಟೂ ಒಳಿತು; ತಡವಾದಷ್ಟೂ ದೃಷ್ಟಿಯ ಸ್ಪಷ್ಟತೆ ಕಡಿಮೆಯಾದೀತು. ಆದರೆ ಮಗು ದೊಡ್ಡದಾಯಿತು, ಇನ್ನು ಫಲವಿಲ್ಲವೆಂದು ಕೈಚೆಲ್ಲುವುದು ಸರಿಯಲ್ಲ. ಪಟ್ಟಿ ಬಿಚ್ಚಿದ ದಿನ ಮಗು ತಾನು ನಿತ್ಯವೂ ಹಿಡಿಯುವ ಚೊಂಬನ್ನು ನೋಡಿ ಗುರುತಿಸದಿದ್ದರೆ, ಚಿಕಿತ್ಸೆ ವ್ಯರ್ಥವಾಯಿತೆಂದು ತಾಯಿ ಎದೆಗುಂದಬೇಕಾಗಿಲ್ಲ. ಚೊಂಬನ್ನು ಅದರ ಕೈಗೆ ಕೊಡಲಿ; ನೋಡುತ್ತ ಮುಟ್ಟಲಿ, ಮುಟ್ಟುತ್ತ ನೋಡಲಿ. ನಾವೆಲ್ಲರೂ ತೊಟ್ಟಿಲಲ್ಲಿ ಕಲಿತು ಮರೆತ ಪಾಠವನ್ನೇ ಆ ಮಗು ಈಗ ಕಲಿಯುತ್ತಿದೆ.