ಬಾಯಮ್ಮನ ಅಂಗಳದಲ್ಲಿ ಕುವೈತಿನ ಗಿಡ

ಗಂಗೊಳ್ಳಿ, ತಲ್ಲೂರು, ಬೈಂದೂರು, ಸಾಸ್ತಾನ, ಬಾರ್ಕೂರು. ಈ ಕಡೆಯ ಹಳೇ ಕ್ರೈಸ್ತರ ಮನೆಗಳ ಚಾವಡಿಯಲ್ಲಿ ಕೂತರೆ ಎದುರು ಗೋಡೆಯಲ್ಲಿ ಯೇಸುವಿನ ಪವಿತ್ರ ಹೃದಯದ ಪಟ, ಅದಕ್ಕಿಂತ ಒಂದು ಗೇಣು ಕೆಳಗೆ ಒಬ್ಬ ಅಜ್ಜಿಯ ಫೋಟೊ. ಫೋಟೊಕ್ಕೆ ಪ್ಲಾಸ್ಟಿಕ್ ಹೂವಿನ ಮಾಲೆ. ಅದನ್ನು ಕಂಡಾಗಲೆಲ್ಲ ನನಗೆ ಒಂದು ನಮೂನೆ ಆಗುತ್ತದೆ. ಬದುಕಿದ್ದಷ್ಟು ದಿನ ಅಂಗಳದಲ್ಲಿ ಹೂವಿಗೆ ಬರ ಬಾರದಂತೆ ನೋಡಿಕೊಂಡವಳ ಕೊರಳಿಗೆ ಬಾಡದ ಹೂವು!

ಮನೆಯವರಿಗೆ ಆಕೆ ಕೊಂಕಣಿಯಲ್ಲಿ ವ್ಹಡ್ಲಿ ಮಾಂಯ್, ಅಂದರೆ ಅಜ್ಜಿ. ಊರವರಿಗೆ ಬಾಯಮ್ಮ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮೀನು ಮಾರುಕಟ್ಟೆಯಲ್ಲಿ, ಬಸ್‌ ಸ್ಟ್ಯಾಂಡಿನಲ್ಲಿ ‘ಬಾಯಮ್ಮ’ ಎಂದು ಕರೆದರೆ ನಾಲ್ಕೈದು ತಲೆ ಒಟ್ಟಿಗೆ ತಿರುಗುತ್ತಿದ್ದ ಕಾಲವಿತ್ತು. ಇದು ಆ ತಲೆಮಾರಿನ ಮಾತು. ಶಾಲೆ ಕಂಡದ್ದು ಕೆಲವೇ ವರ್ಷ, ಕಂಡ ಊರುಗಳ ಪಟ್ಟಿ ಮಾತ್ರ ಮಾರುದ್ದ.

ಆಕೆಯ ತಿರುಗಾಟವನ್ನು ಪ್ರವಾಸ ಎನ್ನುವುದು ಕಷ್ಟ. ಮಗಳಿಗೆ, ಸೊಸೆಗೆ ಹೆರಿಗೆ ಎಂದ ಕೂಡಲೇ ಬಾಯಮ್ಮ ಹೊರಡುತ್ತಿದ್ದಳು. ಮೊದಲು ಬಾಂಬೆಯ ಮಾಹಿಮ್, ಅಂಧೇರಿ, ಕಲೀನಾ. ಕೊಂಕಣ ರೈಲು ಇನ್ನೂ ಇಲ್ಲದ ದಿನಗಳಲ್ಲಿ ಬಸ್ಸಿನಲ್ಲಿ ಕಾಲು ಮಡಚಿ ಕೂತು ಒಂದು ಹಗಲು, ಒಂದು ರಾತ್ರಿ, ಮೇಲೊಂದಿಷ್ಟು. 1998ರಲ್ಲಿ ರೈಲು ಪೂರ್ತಿ ಓಡತೊಡಗಿದ ಮೇಲೆ ಕುಂದಾಪುರದಲ್ಲೋ ಬೈಂದೂರಿನಲ್ಲೋ ಮತ್ಸ್ಯಗಂಧ ಹತ್ತಿದರೆ ಬೆಳಗಾಗುವಾಗ ಮುಂಬೈ. ಅಷ್ಟರಲ್ಲಿ ಮಕ್ಕಳು ಬಹ್ರೈನ್, ದುಬೈ, ಕುವೈತ್ ಸೇರಿದ್ದರು. ಮೊಮ್ಮಕ್ಕಳ ಕಾಲಕ್ಕೆ ಟೊರಾಂಟೊ, ಮೆಲ್ಬರ್ನ್ ಬಂದವು. ಹೋಗುವಾಗ ಚೀಲದಲ್ಲಿ ಕುಚ್ಚಲಕ್ಕಿ, ಒಣ ಸಿಗಡಿ, ಬಾಫಾತ್ ಪುಡಿ, ಬಾಣಂತಿ ಲೇಹ. ಬರುವಾಗ ಉಳಿದವರಿಗೆ ಸೆಂಟು, ಸಾಬೂನು. ತನಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಗೆಲ್ಲು. ಸೀರೆಯ ಮಡಿಕೆಯೊಳಗೆ ಗಿಡ ಸಾಗಿಸುವುದು ಯಾವ ದೇಶದ ಕಾನೂನಿಗೂ ಒಪ್ಪುವ ಕೆಲಸವಲ್ಲ, ಅದನ್ನು ಸಮರ್ಥಿಸಲು ನಾನು ತಯಾರಿಲ್ಲ. ಆದರೆ ನಮ್ಮ ಕಡೆ ಹೆಂಗಸರ ಮಾತೊಂದಿದೆ: ‘ಕೇಂಡ್ ತಂದ್ ಗಿಡ ಬದ್ಕುದಿಲ್ಲೆ, ಕದ್ದದ್ದೇ ಬದ್ಕುದ್.’

ಹಾಗಾಗಿ ಆಕೆಯ ಅಂಗಳದ ಗಿಡಗಳಿಗೆ ಸಸ್ಯಶಾಸ್ತ್ರದ ಹೆಸರಿರಲಿಲ್ಲ, ಊರಿನ ಹೆಸರಿತ್ತು. ಬಾಂಬೆ ಕ್ರೋಟನ್, ವೇಳಾಂಕಣಿ ದಾಸವಾಳ, ಗೋವೆಯ ಗುಲಾಬಿ. ಬುಡ ಗುಡಾಣದಂತೆ ಉಬ್ಬಿ, ತುದಿಯಲ್ಲಿ ನಸುಗೆಂಪು ಹೂ ಬಿಡುವ ಅಡೇನಿಯಂ ಆಕೆಗೆ ಬರೀ ‘ಕುವೈತ್’. ಅರಬರ ನಾಡಿನ ಒಣ ನೆಲಕ್ಕೆ ಹೇಳಿ ಮಾಡಿಸಿದ ಗಿಡ ಅದು. ನಮ್ಮ ಜೂನಿನ ಮಳೆಗೆ ಬಿಟ್ಟರೆ ವಾರದೊಳಗೆ ಬುಡ ಕೊಳೆಯುತ್ತದೆ. ಆದ್ದರಿಂದ ಮಳೆಗಾಲದ ನಾಲ್ಕು ತಿಂಗಳು ಕುಂಡದ ಸಮೇತ ಜಗಲಿಯ ಮೇಲೆ, ಆಕೆ ‘ರಾಕ್ಣೊ’ ಓದುತ್ತ ಕೂರುವ ಜಾಗದ ಪಕ್ಕದಲ್ಲೇ, ಅದರ ವಾಸ. 1938ರಲ್ಲಿ ಮಂಗಳೂರಿನಲ್ಲಿ ಶುರುವಾದ ಈ ವಾರಪತ್ರಿಕೆಯ ಭಾಷೆ ಕೊಂಕಣಿ, ಲಿಪಿ ಕನ್ನಡ. ಬಾಯಮ್ಮನ ಕಥೆಯೂ ಹೆಚ್ಚುಕಡಿಮೆ ಅದೇ: ಮನೆಯೊಳಗೆ ಕೊಂಕಣಿ, ಬೇಲಿಯಾಚೆ ಕುಂದಗನ್ನಡ.

ಹೂಗಿಡಗಳು ಹೊಸಬರು. ಹಿತ್ತಲಿನ ಮರಗಳು ಅದಕ್ಕೂ ಮುಂಚಿನ ಪ್ರಯಾಣಿಕರು. ಗೇರು, ಪಪ್ಪಾಯಿ, ಅನಾನಸು, ಪೇರಳೆ ಎಲ್ಲವೂ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗು ಹತ್ತಿ ಈ ಕರಾವಳಿಗೆ ಬಂದವು. ಕೊಂಕಣಿಯ ‘ಪೇರ್’ ಪೋರ್ಚುಗೀಸರ ‘ಪೇರಾ’. ಅದೇ ಹಡಗಿನ ಭಾಷೆಯಿಂದ ಚರ್ಚಿಗೆ ‘ಇಗರ್ಜಿ’ ಬಂತು, ‘ಅಲ್ತಾರ್’ ಬಂತು, ‘ತೆರ್ಸ್’ ಬಂತು. ತೆರ್ಸ್ ಎಂದರೆ ಮೂರನೆಯ ಒಂದು ಪಾಲು. ಜಪಸರದ ಪೂರ್ತಿ ಪ್ರಾರ್ಥನೆಯಲ್ಲಿ ಒಂದು ಸಂಜೆಗೆ ಹೇಳುವಷ್ಟು. ಆ ಮೂರನೆಯ ಒಂದು ಪಾಲೇ ಮಕ್ಕಳಿಗೆ ಮುಗಿಯದಷ್ಟು ಉದ್ದ ಕಾಣುತ್ತಿತ್ತು ಎಂಬುದು ಬೇರೆ ಮಾತು. ದೀಪ ಹಚ್ಚಿ, ಮಂಡಿಯೂರಿ, ತೂಕಡಿಸುವವನ ಬೆನ್ನಿಗೊಂದು ಕೊಟ್ಟು, ಸತ್ತವರು, ಹಡಗಿನಲ್ಲಿರುವವರು, ಪರೀಕ್ಷೆ ಬರೆಯುವವರು ಎಲ್ಲರ ಹೆಸರಿನಲ್ಲೂ ಒಂದೊಂದು ಪ್ರಾರ್ಥನೆ ಸೇರಿಸಿ ಆಕೆ ತೆರ್ಸ್ ಮುಗಿಸುತ್ತಿದ್ದಳು. ಆಮೇಲೆ ಚಿಕ್ಕವರು ಸಾಲಾಗಿ ಕೈಮುಗಿದು ‘ಬೆಸಾಂವ್ ದೀ, ಮಾಂಯ್’ ಎಂದು ಆಶೀರ್ವಾದ ಕೇಳಬೇಕು. ಕೇಳದವನಿಗೆ ಊಟದ ಹೊತ್ತಿನಲ್ಲಿ ಮೀನಿನ ನಡುಭಾಗ ಸಿಗುತ್ತಿರಲಿಲ್ಲ.

ಕುಂದಾಪುರದ ಇಗರ್ಜಿಯೇ ರೊಜಾರ್ ಮಾತೆಯದು, ಅಂದರೆ ಜಪಸರದ ಮಾತೆಯದು. ಅದರ ಆರಂಭವನ್ನು 1570ಕ್ಕೆ ಒಯ್ಯುತ್ತಾರೆ. 1681ರಲ್ಲಿ ಗೋವೆಯಿಂದ ಕೆನರಾಕ್ಕೆ ಬಂದ ಪಾದ್ರಿ ಜೋಸೆಫ್ ವಾಜ್ ಇಲ್ಲಿದ್ದರು. ಪ್ರಾರ್ಥನೆಯಲ್ಲಿ ಮೈಮರೆತು ಶಿಲುಬೆಯ ಮುಂದೆ ನೆಲಬಿಟ್ಟು ಮೇಲೆದ್ದಿದ್ದರು ಎಂಬ ನಂಬಿಕೆ ಇವತ್ತಿಗೂ ಜೀವಂತ. ಬಾಯಮ್ಮಂದಿರು ಆ ಪವಾಡಕ್ಕಿಂತ ಹೆಚ್ಚು ಹೇಳುತ್ತಿದ್ದದ್ದು ಅವರ ನಡಿಗೆಯನ್ನು ಎಂದು ನನ್ನ ಊಹೆ. ಡಚ್ಚರು ಕೆಥೊಲಿಕ್ ಪಾದ್ರಿಗಳನ್ನು ಹತ್ತಿರ ಬಿಡದ ಸಿಂಹಳಕ್ಕೆ ವೇಷ ಮರೆಸಿಕೊಂಡು ಹೋಗಿ, ಕಾಲ್ನಡೆಯಲ್ಲೇ ಊರೂರು ತಿರುಗಿ, 1711ರಲ್ಲಿ ಕ್ಯಾಂಡಿಯಲ್ಲಿ ತೀರಿಕೊಂಡ ಮನುಷ್ಯ. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್, ಜೋಸೆಫ್ ವಾಜರನ್ನು ಸಂತರೆಂದು ಘೋಷಿಸಿದಾಗ ಕುಂದಾಪುರಕ್ಕೆ ಅದು ತಮ್ಮ ಮನೆಯವರ ಸುದ್ದಿ.

ಯಾವ ದೇಶಕ್ಕೆ ಹೋದರೂ ಆಗಸ್ಟ್ ಮುಗಿಯುವುದರೊಳಗೆ ವಾಪಸ್ ಬರಬೇಕು. ಇದೊಂದು ಆಕೆಯ ಷರತ್ತು. ಸೆಪ್ಟೆಂಬರ್ 8 ಮೋಂತಿ ಫೆಸ್ತ್, ಕನ್ಯಾ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೂ ಮುಂಚಿನ ಒಂಬತ್ತು ದಿನ ಮಕ್ಕಳು ತಟ್ಟೆಯಲ್ಲಿ, ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನ ಮೂರ್ತಿಗೆ ಎರಚಬೇಕು. ಒಂಬತ್ತು ದಿನಕ್ಕೆ ಸಾಕಾಗುವಷ್ಟು ಹೂ ಎಂದರೆ ಅದು ಪೇಟೆಯಲ್ಲಿ ಕೊಳ್ಳುವ ಬಾಬತ್ತಲ್ಲ, ತಿಂಗಳುಗಟ್ಟಲೆ ಮುಂಚೆ ಮಾಡುವ ಸಾಗುವಳಿ. ಮೊದಲ ಮಳೆಗೆ ಗೊಂಡೆಯ ಬೀಜ, ಆಸಾಡಿಯಲ್ಲಿ ದಾಸವಾಳದ ಗೆಲ್ಲು, ಅಬ್ಬಲಿಗೆಗೆ ಒಲೆಯ ಬೂದಿ, ಮಲ್ಲಿಗೆಯ ಬುಡಕ್ಕೆ ನೆಲಗಡಲೆ ಹಿಂಡಿ ಕೊಳೆಸಿದ ನೀರು, ಮೀನು ತೊಳೆದ ನೀರು ಕರಿಬೇವಿಗೆ. ರತ್ನಗಂಧಿ ಹೇಳದೆ ಕೇಳದೆ ತಾನೇ ಅರಳುತ್ತದೆ, ಬೇಲಿಯಲ್ಲಿ ಗೌರಿ ಹೂ ಸರಿಯಾಗಿ ಆ ಹೊತ್ತಿಗೇ ಬೆಂಕಿಯ ನಾಲಿಗೆ ಚಾಚುತ್ತದೆ. ನೆರೆಮನೆಯಲ್ಲಿ ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಚೌತಿಯ ಗಡಿಬಿಡಿ. ಹಾಗಾಗಿ ಬೆಳಿಗ್ಗೆ ಆರು ಗಂಟೆಗೆ ಬೇಲಿಯ ಎರಡೂ ಕಡೆಯಿಂದ ಒಂದೇ ಗಿಡಕ್ಕೆ ಕೈ. ಗಣಪತಿಗೆ ಕೆಂಪು, ಮರಿಯಮ್ಮನಿಗೆ ಬಿಳಿ, ಉಳಿದದ್ದು ಮೊದಲು ಎದ್ದವರಿಗೆ.

ಹಬ್ಬದ ದಿನ ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ತೆನೆ ಮನೆಗೆ ಬರುತ್ತದೆ, ಮಕ್ಕಳ ಕೈಗೆ ಕಬ್ಬು. ಬ್ರಹ್ಮಾವರದ ಸಕ್ಕರೆ ಕಾರ್ಖಾನೆ ನಡೆಯುತ್ತಿದ್ದಾಗ ಆ ಕಬ್ಬು ಪಕ್ಕದ ಗದ್ದೆಯದೇ ಆಗಿರುತ್ತಿತ್ತು, ಈಗ ಲಾರಿಯದು. ತೆನೆಯ ಕಾಳು ಸುಲಿದು, ಪುಡಿಮಾಡಿ, ಹಾಲಿಗೆ ಹಾಕಿ ಎಲ್ಲರಿಗೂ ಒಂದೊಂದು ಗುಟುಕು. ಆಮೇಲೆ ಮೀನು-ಮಾಂಸವಿಲ್ಲದ ಊಟ, ಪಲ್ಯ-ಪದಾರ್ಥ ಐದೋ ಏಳೋ ಒಂಬತ್ತೋ, ಬೆಸಸಂಖ್ಯೆಯಲ್ಲೇ ಇರಬೇಕು. ಕುಂದಾಪುರದ ಉಳಿದ ಮನೆಗಳಲ್ಲಿ ಕದಿರು ಕಟ್ಟಿ ‘ಹೊಸ್ತ್’ ಉಣ್ಣುವುದು ಎಂದರೆ ಇದೇ. ಕೊಂಕಣಿಯಲ್ಲಿ ‘ನೊವೆಂ’. ಎರಡರ ಅರ್ಥವೂ ಹೊಸತು, ಅಷ್ಟೇ.

ಊಟಕ್ಕೆ ಬರಲಾಗದವರ ಪಾಲು? ಐದಾರು ಕಾಳನ್ನು ಕಾಗದದಲ್ಲಿ ಮಡಚಿ, ಲಕೋಟೆಗೆ ಹಾಕಿ ಅಂಚೆಗೆ ಕೊಡುತ್ತಿದ್ದರು. ಬಾಂಬೆಗೆ, ಬಹ್ರೈನಿಗೆ. ಅಲ್ಲಿ ಅದನ್ನು ಪಾಯಸಕ್ಕೆ ಹಾಕಿ ಉಂಡರೆ ಮನೆಯವರೆಲ್ಲ ಒಂದೇ ತೆನೆ ಉಂಡಂತೆ. ನನ್ನ ಮಟ್ಟಿಗೆ ಬಾಯಮ್ಮನ ಭಕ್ತಿ, ಸಂಸಾರ, ತೋಟ ಮೂರೂ ಒಟ್ಟಿಗೆ ಹಿಡಿಸಿದ್ದು ಆ ಲಕೋಟೆಯೊಳಗೆ. 1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಫೋನು ಸತ್ತಿತು, ಅಂಚೆ ನಿಂತಿತು. ಬಸ್ಸಿನಲ್ಲಿ ಮರುಭೂಮಿ ದಾಟಿ ಜೋರ್ಡಾನಿನ ಅಮ್ಮಾನ್ ಸೇರಿ, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬೈಗೆ ಬಂದಿಳಿದ ಭಾರತೀಯರು ಲಕ್ಷಕ್ಕೂ ಮಿಗಿಲು. ಸೆಪ್ಟೆಂಬರ್ 8ರ ಹೊತ್ತಿಗೆ ಯಾರು ಹೊರಟರು, ಯಾರು ದಾರಿಯಲ್ಲಿದ್ದಾರೆ ಎಂಬುದು ಎಷ್ಟೋ ಮನೆಗಳಿಗೆ ಗೊತ್ತಿರಲಿಲ್ಲ. ಆ ವರ್ಷದ ಕಾಳಿಗೆ ಬರೆಯಲು ವಿಳಾಸವಿರಲಿಲ್ಲ. ತೆರ್ಸ್ ಉದ್ದವಾಯಿತು. ಮಕ್ಕಳೂ ತೂಕಡಿಸಲಿಲ್ಲ.

ಬ್ರಹ್ಮಾವರದಲ್ಲಿ ಬಾಯಮ್ಮಂದಿರದು ಎರಡು ಬಗೆ. 19ನೇ ಶತಮಾನದ ಕೊನೆಯಲ್ಲಿ ಗೋವೆಯ ಧರ್ಮಾಧಿಕಾರ ಇಲ್ಲಿಂದ ಕಳಚಿದಾಗ ಒಂದಷ್ಟು ಕುಟುಂಬಗಳು ಸಿಟ್ಟಾಗಿ, ಆಲ್ವಾರಿಸ್ ಮಾರ್ ಜೂಲಿಯಸ್ ಮತ್ತು ಪಾದ್ರಿ ನೊರೊನ್ಹಾರ ಹಿಂದೆ ಸಿರಿಯನ್ ಆರ್ಥಡಾಕ್ಸ್ ಸಭೆ ಸೇರಿದವು. ಇಗರ್ಜಿ ಬೇರೆಯಾದರೂ ಕೊಂಕಣಿ ಒಂದೇ, ಉಪ್ಪಿನಕಾಯಿ ಒಂದೇ. 2012ರಲ್ಲಿ ಉಡುಪಿ ಧರ್ಮಪ್ರಾಂತ್ಯ ಹುಟ್ಟಿ ಕೆಥೊಲಿಕರ ಬಿಷಪ್ ಮಂಗಳೂರಿನಿಂದ ಹತ್ತಿರಕ್ಕೆ ಬಂದರು, ಕಲ್ಯಾಣಪುರದ ಮಿಲಾಗ್ರಿಸ್ ಕೆಥೆಡ್ರಲ್ ಆಯಿತು. ಲೋಕವೆಲ್ಲ ತಿರುಗಿದ ಬಾಯಮ್ಮ ಈ ಒಂದು ಸಲ ಕೂತಲ್ಲೇ ಊರು ಬದಲಾಯಿಸಿದ್ದಳು.

ಈಗ ಆ ಮನೆಗಳಲ್ಲಿ ಬಹಳಷ್ಟಕ್ಕೆ ಬೀಗ. ವರ್ಷಕ್ಕೊಮ್ಮೆ ಕ್ರಿಸ್ಮಸ್ಸಿಗೆ ತೆರೆದು, ಹಬ್ಬದ ತಿಂಡಿ ಕುಸ್ವಾರ್ ಹಂಚಿ, ಜನವರಿಯಲ್ಲಿ ಮತ್ತೆ ಮುಚ್ಚುತ್ತಾರೆ. ನೀರು ಹಾಕುವುದು ನೆರೆಮನೆಯ ಹೆಂಗಸು, ಬೇಲಿಯಾಚೆಯಿಂದ ಕೈ ಚಾಚಿ ಚೌತಿಗೆ ಹೂ ಕೊಯ್ಯುತ್ತಿದ್ದವಳು. ಗಿಡ ತಂದವಳ ಜೊತೆ ಮಣ್ಣಿಗೆ ಹೋದ ಹೆಸರುಗಳು ಹಲವು. ಒಂದು ಮಾತ್ರ ಈಕೆಯ ಬಾಯಲ್ಲಿ ಉಳಿದಿದೆ. ಮೇ ಕೊನೆಯಲ್ಲಿ ಪಡುವಣ ಕಪ್ಪಾದ ಕೂಡಲೇ ಕೈಯಲ್ಲಿದ್ದ ಕೆಲಸ ಬಿಟ್ಟು ಮಗನನ್ನು ಕೂಗುತ್ತಾಳೆ:

‘ಹ್ವಾಯ್, ಮಳಿ ಬಪ್ಪುಕ್ ಮುಂಚೆ ಕುವೈತ್ ಒಳಗ್ ತರ್ಕ್ ಮಾರಾಯಾ!’